ಬಂದವರ ಊರು ಬಾಯ್ಸಿ

ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದವರ ಕಥೆಯೆಂದರೆ ನಮ್ಮ ಕಣ್ಣಮುಂದೆ ನಿಲ್ಲುವುದು ಕ್ಯಾಲಿಫೋರ್ನಿಯದ ಚಿನ್ನ, ಇಲ್ಲವೆ ಚಲನಚಿತ್ರಗಳ ಕುದುರೆ ಸವಾರರು. ಐಡಹೊ ಸಂಸ್ಥಾನದ ರಾಜಧಾನಿ ಬಾಯ್ಸಿಯ ಹೆಸರು ಕೇಳಿದವರು ನಮ್ಮಲ್ಲಿ ವಿರಳ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 2,35,684 ಮಂದಿ. ಮಹಾನಗರವೂ ಅಲ್ಲ, ಹಳ್ಳಿಯೂ ಅಲ್ಲ. ಆದರೆ ಒಂದು ಊರು ಯಾರನ್ನು ಕರೆದು ಕೂರಿಸಿಕೊಳ್ಳುತ್ತದೆ, ಯಾರನ್ನು ಹೊರಗೆ ಕಳುಹಿಸುತ್ತದೆ ಎಂಬುದನ್ನು ನೋಡಬಯಸುವವರಿಗೆ ಇಂಥ ನಡುಗಾತ್ರದ ಊರೇ ಲೇಸು. ಮಹಾನಗರಗಳಲ್ಲಿ ಹಳೆಯ ಹೆಜ್ಜೆಗಳು ಬೇಗ ಅಳಿಸಿಹೋಗುತ್ತವೆ.

ಊರಿನ ಹೆಸರು ಫ್ರೆಂಚ್ ಮಾತಿನಿಂದ ಬಂದದ್ದು. ಮರಗಳಿಂದ ಕೂಡಿದ್ದು ಎಂದು ಅದರ ಅರ್ಥ. ವರ್ಷಕ್ಕೆ ಸುಮಾರು 12 ಅಂಗುಲ ಮಳೆಯಾಗುವ ಆ ಬಯಲಿನಲ್ಲಿ ದಿನಗಟ್ಟಲೆ ನಡೆದುಬಂದ ಚರ್ಮದ ವ್ಯಾಪಾರಿಗಳಿಗೆ ನದಿಯ ದಂಡೆಯ ಹಸುರು ಎಂಥ ಸಂತೋಷವನ್ನು ಕೊಟ್ಟಿರಬೇಕೆಂಬುದನ್ನು ಆ ಹೆಸರೇ ಹೇಳುತ್ತದೆ. 1862ರಲ್ಲಿ ಹತ್ತಿರದ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಜುಲೈಯಲ್ಲಿ ಸೈನ್ಯ ಅಲ್ಲಿ ಕೋಟೆ ಹಾಕಿತು. ಕೆಲವೇ ದಿನಗಳಲ್ಲಿ ಅದರ ಪಕ್ಕದಲ್ಲಿ ಬೀದಿಗಳನ್ನು ಅಳೆದು ಪಟ್ಟಣದ ನಕ್ಷೆ ಎಳೆದರು. ಆರೆಗಾನಿಗೆ ಹೋಗುವ ಬಂಡಿದಾರಿಯೂ ಗಣಿಗಳಿಗೆ ಹೋಗುವ ದಾರಿಯೂ ಕೂಡುವ ಜಾಗ ಅದು. ಚಿನ್ನ ಅಗೆಯಲು ಬಂದವರು ಬಹುಮಟ್ಟಿಗೆ ಮುಂದಿನ ಗಣಿಯನ್ನು ಹುಡುಕಿಕೊಂಡು ಹೋದರು. ಅವರಿಗೆ ಹಿಟ್ಟು, ಗುದ್ದಲಿ ಮಾರಿದವರು ಅಲ್ಲೇ ನಿಂತರು. 1864ರ ಕೊನೆಯಲ್ಲಿ ಶಾಸನಸಭೆ ರಾಜಧಾನಿಯನ್ನು ಲೂಯಿಸ್ಟನ್ನಿನಿಂದ ಇಲ್ಲಿಗೆ ವರ್ಗಾಯಿಸಿತು. ಲೂಯಿಸ್ಟನ್ನಿನವರು ಒಪ್ಪಲಿಲ್ಲ. ಮರುವರ್ಷ ರಾಜಮುದ್ರೆಯನ್ನೂ ಕಾಗದಪತ್ರಗಳನ್ನೂ ಸೈನಿಕರ ಕಾವಲಿನಲ್ಲಿ ತರಬೇಕಾಯಿತು. ನಮ್ಮ ತುಘಲಕನಿಗಾದರೋ ಜನರನ್ನೇ ಸಾಗಿಸುವ ಕಷ್ಟ. ಇವರದು ಪೆಟ್ಟಿಗೆಯ ಕಷ್ಟ ಮಾತ್ರ.

ಆದರೆ ಇಲ್ಲಿಯೂ ಜನರನ್ನು ಸಾಗಿಸಿದ್ದುಂಟು. ಆ ಕಣಿವೆ ಮೊದಲಿನಿಂದಲೂ ಶೋಶೋನಿ, ಬ್ಯಾನಕ್ ಮೊದಲಾದ ಮೂಲನಿವಾಸಿಗಳದು. ಅಲ್ಲಿನ ಬಿಸಿನೀರಿನ ಬುಗ್ಗೆಗಳ ಬಳಿ ಅವರ ಬೀಡುಗಳಿದ್ದವು, ಅವರ ಹಿರಿಯರ ಸಮಾಧಿಗಳಿದ್ದವು. 1864ರಲ್ಲಿ ಗವರ್ನರ್ ಲಯನ್ ಅವರೊಡನೆ ಒಂದು ಒಪ್ಪಂದ ಮಾಡಿಕೊಂಡನು. ಅಮೆರಿಕದ ಸೆನೆಟ್ ಅದಕ್ಕೆ ಒಪ್ಪಿಗೆಯನ್ನೇ ಕೊಡಲಿಲ್ಲ. ಒಪ್ಪಂದವಿಲ್ಲದಿದ್ದರೂ ನೆಲವೇನೋ ಹೋಯಿತು. 1869ರಲ್ಲಿ ಅವರನ್ನು 200 ಮೈಲಿಗೂ ಮಿಕ್ಕ ದೂರದ ಫೋರ್ಟ್ ಹಾಲ್ ಮೀಸಲು ನೆಲಕ್ಕೆ ಬಲವಂತದಿಂದ ಸಾಗಿಸಿದರು. ಬಂದವರ ಊರಿನಲ್ಲಿ ಮೊದಲು ಬಿಡಾರ ಕಿತ್ತವರು ಊರಿನವರೇ.

ಚೀನೀಯರ ಪಾಡು ಇನ್ನೊಂದು ಬಗೆ. 1870ರ ಗಣತಿಯಂತೆ ಐಡಹೊ ಪ್ರಾಂತದ 14,999 ಜನರಲ್ಲಿ 4,274 ಮಂದಿ ಚೀನೀಯರು, ಕಾಲು ಭಾಗಕ್ಕೂ ಹೆಚ್ಚು. ಗಣಿಗಳು ಬರಿದಾದ ಮೇಲೆ ಕೆಲವರು ಬಾಯ್ಸಿಯಲ್ಲಿ ಅಂಗಡಿಗಳನ್ನು ಇಟ್ಟರು. ಕೆಲವರು ನದಿಯ ದಂಡೆಯಲ್ಲಿ ಕಾಯಿಪಲ್ಯ ಬೆಳೆದು ಮನೆಮನೆಗೆ ಮಾರಿದರು. 1882ರ ಕಾನೂನು ಹೊಸ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಹೆಂಡಿರು ಮಕ್ಕಳನ್ನು ಕರೆಸಿಕೊಳ್ಳಲಾಗದೆ ಅನೇಕರು ಒಂಟಿಯಾಗಿಯೇ ಮುದುಕರಾದರು. ನಗರದ ನಡುವಿನ ಹಳೆಯ ಚೀನೀ ಕೇರಿಯಲ್ಲಿ ಉಳಿದಿದ್ದುದನ್ನು 1970ರ ದಶಕದ ಆರಂಭದಲ್ಲಿ ನಗರೋದ್ಧಾರದ ಹೆಸರಿನಲ್ಲಿ ಕೆಡವಿಹಾಕಿದರು. ಇಂದು ಅವರ ನೆನಪು ಉಳಿದಿರುವುದು ಒಂದು ಬೀದಿಯ ಹೆಸರಿನಲ್ಲಿ. ಪಕ್ಕದ ಗಾರ್ಡನ್ ಸಿಟಿಯ ದೊಡ್ಡ ರಸ್ತೆಗೆ ಚಿಂಡನ್ ಎಂದು ಹೆಸರು. ಚೈನೀಸ್, ಗಾರ್ಡನ್ ಎಂಬ ಎರಡು ಮಾತುಗಳನ್ನು ತುಂಡರಿಸಿ ಕೂಡಿಸಿದ ಪದ. ತೋಟಗಳು ಹೋದವು, ಹೆಸರು ಉಳಿಯಿತು.

ಇಷ್ಟೆಲ್ಲ ನಡೆದ ಊರಿನಲ್ಲೇ ಬಾಸ್ಕರು ಬೇರುಬಿಟ್ಟುದು ಸೋಜಿಗವಾಗಿ ಕಾಣುತ್ತದೆ. ಸ್ಪೇನ್ ಫ್ರಾನ್ಸ್‌ಗಳ ಗಡಿಯಲ್ಲಿ, ಸುತ್ತಲಿನ ಯಾವ ಭಾಷೆಗೂ ನಂಟಿಲ್ಲದ ನುಡಿಯನ್ನಾಡುವ ಈ ಜನ 19ನೆಯ ಶತಮಾನದ ಕೊನೆಯಿಂದ ಐಡಹೊಗೆ ಬರತೊಡಗಿದರು. ಬಂದವರು ಹೆಚ್ಚಾಗಿ ವಿಸ್ಕಾಯ ಸೀಮೆಯವರು. ಹುಟ್ಟಾ ಕುರುಬರೆಂದು ಅವರನ್ನು ಕುರಿತು ಹೇಳುವುದುಂಟು. ಅದು ಬಹುಮಟ್ಟಿಗೆ ತಪ್ಪು. ಅನೇಕರು ಬೇಸಾಯಗಾರರ ಮನೆಯ ಹುಡುಗರು. ಇಂಗ್ಲಿಷ್ ಬಾರದವನಿಗೆ ಸಿಕ್ಕುವ ಕೆಲಸ ಕುರಿ ಕಾಯುವುದು, ಕುರಿಗಳೊಡನೆ ಇಂಗ್ಲಿಷಿನ ಅಗತ್ಯವಿಲ್ಲವಷ್ಟೆ. ಸಾವಿರಕ್ಕೂ ಹೆಚ್ಚು ಕುರಿ, ಒಂದೆರಡು ನಾಯಿ, ತಿಂಗಳುಗಟ್ಟಲೆ ಬೆಟ್ಟದ ಏಕಾಂತ. ಮಾತನಾಡಲು ಯಾರೂ ಇಲ್ಲದೆ ಅವರು ಆಸ್ಪೆನ್ ಮರಗಳ ಬಿಳಿಯ ತೊಗಟೆಯ ಮೇಲೆ ತಮ್ಮ ಹೆಸರು, ಊರು, ಇಸವಿಗಳನ್ನು ಕೊರೆದರು. ಆ ಕೊರೆತಗಳನ್ನು ಈಗ ವಿದ್ವಾಂಸರು ಹುಡುಕಿ ದಾಖಲಿಸುತ್ತಿದ್ದಾರೆ.

ಚಳಿಗಾಲ ಬಂದಿತೆಂದರೆ ಈ ಕುರಿಗಾಹಿಗಳು ಬಾಯ್ಸಿಯ ವಸತಿಗೃಹಗಳಿಗೆ ಇಳಿಯುತ್ತಿದ್ದರು. ನಮ್ಮ ಖಾನಾವಳಿಯೂ ವಠಾರವೂ ಒಂದಾದಂಥ ಮನೆಗಳು ಅವು. ಉದ್ದನೆಯ ಒಂದೇ ಮೇಜು, ಊರಿನ ಅಡಿಗೆ, ದ್ರಾಕ್ಷಾರಸ, ಮುಸ್ ಎಂಬ ಇಸ್ಪೀಟಾಟ. 1914ರಲ್ಲಿ ಕಟ್ಟಿದ ಒಂದು ವಸತಿಗೃಹದೊಳಗೆ ಗೋಡೆಗೆ ಚೆಂಡು ಹೊಡೆದು ಆಡುವ ಅಂಗಳವೇ ಇದೆ. ಮನೆಯೊಡತಿ ಅನ್ನವಿಕ್ಕುವವಳು ಮಾತ್ರವಲ್ಲ. ಜ್ವರ ಬಂದರೆ ವೈದ್ಯರ ಬಳಿಗೂ ಸಾಲ ಬೇಕಾದರೆ ಬ್ಯಾಂಕಿಗೂ ಜೊತೆಗೆ ಹೋಗುವ ದುಭಾಷಿ. ಕೆಲಸಕ್ಕೆಂದು ಸ್ವದೇಶದಿಂದ ಬಂದ ಹುಡುಗಿಯರಿಗೆ ಅಲ್ಲೇ ವರ ಸಿಕ್ಕುತ್ತಿದ್ದರು. ಚೀನೀಯನಿಗೆ ಕಾನೂನು ನಿರಾಕರಿಸಿದ ಸಂಸಾರವು ಬಾಸ್ಕನಿಗೆ ಊಟದ ಮನೆಯಲ್ಲೇ ಲಭಿಸಿತು. ಒಬ್ಬರು ಉಳಿದು ಇನ್ನೊಬ್ಬರು ಅಳಿದುದಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ತೋರುತ್ತದೆ. ಶ್ರಮದಲ್ಲಿ ಇಬ್ಬರೂ ಸಮಾನರೇ.

ಆ ಬೀದಿಯಲ್ಲಿ 1864ರಲ್ಲಿ ಸೈರಸ್ ಜೇಕಬ್ಸ್ ಎಂಬ ವರ್ತಕ ಕಟ್ಟಿಸಿದ ಇಟ್ಟಿಗೆಯ ಮನೆಯಿದೆ. 1910ರಲ್ಲಿ ಅದು ಬಾಸ್ಕ್ ವಸತಿಗೃಹವಾಯಿತು. 1917ರಿಂದ ಉಬೆರುವಾಗ ಮನೆತನದವರು 1969ರವರೆಗೆ ಅದನ್ನು ನಡೆಸಿದರು. ಈಗ ಅದು ಬಾಸ್ಕ್ ವಸ್ತುಸಂಗ್ರಹಾಲಯದ ಭಾಗ. ಗಣಿಕಾಲದ ವರ್ತಕನ ಗೋಡೆಗಳ ನಡುವೆ ಕುರಿಗಾಹಿಗಳ ಹಾಸಿಗೆಗಳು!

ಬಾಸ್ಕರಿಗೂ ಬಾಗಿಲು ಮುಚ್ಚದೆ ಇರಲಿಲ್ಲ. 1924ರ ವಲಸೆ ಕಾನೂನು ಸ್ಪೇನಿನಿಂದ ವರ್ಷಕ್ಕೆ 131 ಮಂದಿಗೆ ಮಾತ್ರ ಅವಕಾಶ ಕೊಟ್ಟಿತು. 1934ರಲ್ಲಿ ಸರ್ಕಾರಿ ಹುಲ್ಲುಗಾವಲಿಗೂ ಕಟ್ಟಳೆ ಬಂದಿತು. ಸ್ವಂತ ನೆಲವಿಲ್ಲದ ಅಲೆಮಾರಿ ಕುರಿಗಾಹಿಗಳ ಬದುಕು ಅಲ್ಲಿಗೆ ತೀರಿತು. ಆ ಹೊತ್ತಿಗೆ ಮಕ್ಕಳು ಊರಿನ ಶಾಲೆಗಳಲ್ಲಿ ಓದುತ್ತಿದ್ದರು. ತಾಯಿಯ ಕಡೆಯಿಂದ ಬಾಸ್ಕನಾದ ಒಬ್ಬರು 2004ರಿಂದ 2020ರವರೆಗೆ ನಗರದ ಮೇಯರ್ ಆಗಿದ್ದರು.

ಬಿಸಿನೀರಿನ ಬುಗ್ಗೆಗಳ ವಿಷಯ ಮೇಲೆ ಬಂದಿತಲ್ಲ. 1892ರಿಂದ ಬಾಯ್ಸಿಯವರು ಆ ನೀರನ್ನು ಕೊಳವೆಗಳಲ್ಲಿ ಹರಿಸಿ ಮನೆಗಳನ್ನು ಬೆಚ್ಚಗಿಟ್ಟುಕೊಂಡರು. ಮೊದಲು ಬೆಚ್ಚಗಾದವು ಶ್ರೀಮಂತರ ಬೀದಿಯ ಮನೆಗಳು. ಇಂದು ಶಾಸನಸಭಾ ಭವನವೂ ಭೂಮಿಯ ಅದೇ ಬಿಸಿಯಿಂದ ಬೆಚ್ಚಗಿರುತ್ತದೆ.

1970ರಲ್ಲಿ ಸುಮಾರು 75,000 ಜನರಿದ್ದ ಊರು ಐವತ್ತು ವರ್ಷಗಳಲ್ಲಿ ಮೂರು ಪಟ್ಟು ಬೆಳೆಯಿತು. 1978ರಲ್ಲಿ ಇಲ್ಲಿ ಹುಟ್ಟಿದ ಮೈಕ್ರಾನ್ ಕಂಪನಿಯ ಕೆಲಸಗಳು ಬಂದವು. ಕ್ಯಾಲಿಫೋರ್ನಿಯದ ಮನೆಯನ್ನು ಒಳ್ಳೆಯ ಬೆಲೆಗೆ ಮಾರಿ ಬಂದವರು ಬಂದರು. 2020ರ ನಂತರ ಮನೆಗಳ ಬೆಲೆ ಏರಿದ ಬಗೆಗೆ ಹಳಬರು ಗೊಣಗಿದರು. ಆ ಹಳಬರಲ್ಲಿ ಎಷ್ಟು ಮಂದಿಯ ಅಜ್ಜಂದಿರು ಬಂಡಿಯಲ್ಲಿ ಬಂದಿಳಿದವರೋ! ಬೋಸ್ನಿಯ, ಇರಾಕ್, ಕಾಂಗೊಗಳಿಂದ, ಭೂತಾನದಿಂದ ಹೊರಬಿದ್ದ ನೇಪಾಳಿ ನುಡಿಯವರಿಂದ, ನಿರಾಶ್ರಿತರ ಸಾಲೂ ಬೆಳೆಯಿತು. ಅವರಲ್ಲಿ ಕೆಲವರು ಈಗ ಊರಿನ ಖಾಲಿ ನೆಲಗಳಲ್ಲಿ ಕಾಯಿಪಲ್ಯ ಬೆಳೆದು ಸಂತೆಯಲ್ಲಿ ಮಾರುತ್ತಾರೆ, ಹಿಂದೆ ನದಿಯ ದಂಡೆಯಲ್ಲಿ ಚೀನೀಯರು ಮಾಡಿದಂತೆ.

ಇನ್ನು, 1869ರಲ್ಲಿ ಹೊರಟವರ ಮೊಮ್ಮಕ್ಕಳ ಮಕ್ಕಳು. ಇತ್ತೀಚಿನ ವರ್ಷಗಳಲ್ಲಿ ಅವರು ಫೋರ್ಟ್ ಹಾಲ್, ಡಕ್ ವ್ಯಾಲಿ ಮೊದಲಾದ ಕಡೆಗಳಿಂದ ವರ್ಷಕ್ಕೊಮ್ಮೆ ಬಾಯ್ಸಿಗೆ ಬಂದು, ಬುಗ್ಗೆಗಳ ಸಮೀಪದ ಬಂಡೆಯ ಬುಡದಲ್ಲಿ ಕೂಡುತ್ತಾರೆ. ಹಿರಿಯರನ್ನು ನೆನೆದು ಪ್ರಾರ್ಥಿಸುತ್ತಾರೆ, ಒಟ್ಟಾಗಿ ಉಣ್ಣುತ್ತಾರೆ. ಕೂಟ ಮುಗಿದ ಮೇಲೆ ವಾಹನಗಳನ್ನೇರಿ ತಮ್ಮ ತಮ್ಮ ಮೀಸಲು ನೆಲಗಳಿಗೆ ಹಿಂತಿರುಗುತ್ತಾರೆ.