ಧಾತ್ರಿಯ ವಿಷಯದಲ್ಲಿ ಗೃಹಸ್ವಾಮಿಯ ಹೊಣೆ

ಶಿಶುಪಾಲನೆಗಾಗಿ ಮನೆಯಲ್ಲಿ ನಿಯಮಿಸಲ್ಪಡುವ ಸ್ತ್ರೀಗೆ ಸಂಸ್ಕೃತದಲ್ಲಿ ಧಾತ್ರಿಯೆಂದು ಹೆಸರು. ಕನ್ನಡದ ದಾದಿ ಎಂಬ ಮಾತು ಇದಕ್ಕೆ ಸಂಬಂಧಿಸಿದುದು. ಜೈನಾಗಮಗಳು ಕ್ಷೀರ, ಮಜ್ಜನ, ಮಂಡನ, ಕ್ರೀಡನ, ಅಂಕ ಎಂಬ ಭೇದದಿಂದ ಐದು ಬಗೆಯ ಧಾತ್ರಿಯರನ್ನು ಹೇಳುತ್ತವೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯನು ಆದಿಪುರಾಣದಲ್ಲಿ ವೃಷಭಶಿಶುವಿಗೆ ಇಂದ್ರನು ದೇವಿಯರನ್ನೇ ಧಾತ್ರಿಯರನ್ನಾಗಿ ನಿಯಮಿಸಿದನೆಂದು ವರ್ಣಿಸಿದ್ದಾನೆ. ಇವುಗಳಿಂದ ಧಾತ್ರಿಯ ಕೆಲಸವೇನೆಂಬುದು ತಿಳಿಯುತ್ತದೆ. ಆಕೆಯನ್ನು ಇಟ್ಟುಕೊಂಡ ಗೃಹಸ್ವಾಮಿಯ ಹೊಣೆಯನ್ನು ತಿಳಿಯಬೇಕಾದರೆ ವೈದ್ಯಗ್ರಂಥಗಳನ್ನೂ ಅರ್ಥಶಾಸ್ತ್ರವನ್ನೂ ಒಟ್ಟಿಗೆ ನೋಡಬೇಕು.

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿಯೂ ಸುಶ್ರುತಸಂಹಿತೆಯ ಶಾರೀರಸ್ಥಾನದ 10ನೆಯ ಅಧ್ಯಾಯದಲ್ಲಿಯೂ ಧಾತ್ರೀಲಕ್ಷಣವು ವಿಸ್ತಾರವಾಗಿದೆ. ಆಕೆಯ ವರ್ಣ, ವಯಸ್ಸು, ಆರೋಗ್ಯ, ಶೀಲ ಇವೆಲ್ಲವೂ ಪರೀಕ್ಷ್ಯಗಳು. ಹಾಲನ್ನು ನೀರಿನಲ್ಲಿ ಬಿಟ್ಟು ಶುದ್ಧಿಯನ್ನು ನೋಡುವ ವಿಧಾನವೂ ಉಂಟು. ಆದರೆ ಪರೀಕ್ಷೆಗೆ ಒಳಗಾಗುವವಳು ಧಾತ್ರಿಯೊಬ್ಬಳೇ ಅಲ್ಲ. ಕೋಪ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಸ್ತನ್ಯವು ನಶಿಸುವುದೆಂದೂ, ಹಸಿದವಳು, ದಣಿದವಳು, ದುಃಖಿತಳು, ಜ್ವರಿತಳು ಶಿಶುವಿಗೆ ಹಾಲೂಡಬಾರದೆಂದೂ ಸುಶ್ರುತನು ಹೇಳುತ್ತಾನೆ. ಹಸಿವು ದಣಿವುಗಳು ಬಹುಮಟ್ಟಿಗೆ ಯಜಮಾನನ ಅಧೀನ. ಆದಕಾರಣ ಧಾತ್ರಿಗೆ ಹಿತವಾದ ಅನ್ನವನ್ನೂ ವಿಶ್ರಾಂತಿಯನ್ನೂ ಮನಸ್ಸಮಾಧಾನವನ್ನೂ ಒದಗಿಸುವುದು ಈ ವಚನದಿಂದಲೇ ಗೃಹಸ್ವಾಮಿಗೆ ಪ್ರಾಪ್ತವಾಗುತ್ತದೆ. ಇಲ್ಲಿ ಒಂದು ಕೊರತೆಯನ್ನೂ ಗಮನಿಸಬೇಕು. ಧಾತ್ರಿಯು ಜೀವದ್ವತ್ಸೆ, ಎಂದರೆ ಬದುಕಿರುವ ಮಗುವುಳ್ಳವಳು, ಆಗಿರಬೇಕೆಂಬುದು ಲಕ್ಷಣ. ಆ ಮಗುವಿನ ಪಾಲಿಗೆ ಉಳಿಯುವ ಹಾಲೆಷ್ಟೆಂಬುದನ್ನು ಲಕ್ಷಣವಾಕ್ಯವು ವಿಚಾರಿಸುವುದಿಲ್ಲ. ವೈದ್ಯನ ದೃಷ್ಟಿಯು ಯಜಮಾನನ ಶಿಶುವಿನ ಮೇಲೆಯೇ ನಿಂತಿದೆ.

ಧಾತ್ರಿಯನ್ನು ವ್ಯವಹಾರದ ದೃಷ್ಟಿಯಿಂದ ನೋಡಿದವನು ಕೌಟಿಲ್ಯ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದ 13ನೆಯ ಅಧ್ಯಾಯವು ದಾಸರನ್ನೂ ಕರ್ಮಕರರನ್ನೂ ಕುರಿತದ್ದು. ಒತ್ತೆಯಾಗಿ ಬಂದವರಿಂದ ಹೆಣವನ್ನೋ ಮಲಮೂತ್ರಗಳನ್ನೋ ಎಂಜಲನ್ನೋ ಎತ್ತಿಸಿದರೆ, ಸ್ತ್ರೀಯರನ್ನು ದಂಡಿಸಿದರೆ ಅಥವಾ ಕೆಡಿಸಿದರೆ ಯಜಮಾನನು ಕೊಟ್ಟ ಹಣವು ನಷ್ಟವಾಗುತ್ತದೆ; ಧಾತ್ರಿ, ಪರಿಚಾರಿಕೆ ಮೊದಲಾದವರ ವಿಷಯದಲ್ಲಿಯಾದರೋ ಅವರಿಗೆ ಬಿಡುಗಡೆಯೇ ದೊರೆಯುತ್ತದೆ. ಒತ್ತೆಯ ಧಾತ್ರಿಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಕೂಡಿದವನಿಗೆ, ಆಕೆ ತನ್ನ ವಶದಲ್ಲಿದ್ದರೆ ಪೂರ್ವಸಾಹಸದಂಡ, ಪರರ ವಶದಲ್ಲಿದ್ದರೆ ಮಧ್ಯಮಸಾಹಸದಂಡ. ಮೊದಲನೆಯದು 48ರಿಂದ 96 ಪಣ, ಎರಡನೆಯದು 200ರಿಂದ 500 ಪಣ. ಆಕೆಯ ಇಚ್ಛೆಯನ್ನು ಶಾಸ್ತ್ರವು ಗಣಿಸಿರುವುದು ಶ್ಲಾಘ್ಯ. ಮನೆಯ ಯಜಮಾನನಿಗೇ ದಂಡವು ಕಡಿಮೆಯಾಗಿರುವುದು ಮಾತ್ರ ಚಿಂತ್ಯ.

ವೇತನದ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಕೂಲಿಯನ್ನು ಮೊದಲೇ ನಿಶ್ಚಯಿಸದಿದ್ದಲ್ಲಿ ಉಳುವವನಿಗೆ ಬೆಳೆಯಲ್ಲಿಯೂ ಗೋಪಾಲಕನಿಗೆ ತುಪ್ಪದಲ್ಲಿಯೂ ಹತ್ತನೆಯ ಒಂದು ಪಾಲು. ಧಾತ್ರಿಯ ದುಡಿಮೆಗೆ ಅಳೆದು ಹಂಚಬಹುದಾದ ಫಲವಿಲ್ಲ. ಅಂಥ ಪರಿಚಾರಕಾದಿಗಳಿಗೆ, ಅದೇ ಬಗೆಯ ಕೆಲಸದ ಇತರರಿಗೆ ಸಲ್ಲುವಷ್ಟು, ಇಲ್ಲವೆ ತಿಳಿದವರು ಗೊತ್ತುಮಾಡಿದಷ್ಟು ವೇತನವೆಂದು ಕೌಟಿಲ್ಯನು ವಿಧಿಸುತ್ತಾನೆ. ಕೆಲಸದ ಒಪ್ಪಂದವು ನೆರೆಯವರಿಗೆ ತಿಳಿದಿರಬೇಕು. ವಿವಾದವು ಸಾಕ್ಷಿಗಳಿಂದ ತೀರಬೇಕು. ವೇತನವನ್ನು ಕೊಡದವನಿಗೆ ಅದರ ಹತ್ತನೆಯ ಒಂದು ಪಾಲು ಅಥವಾ 6 ಪಣ ದಂಡ. ರೋಗದಿಂದ ಕೆಲಸ ನಿಲ್ಲಿಸಿದ ಭೃತ್ಯನು ಗುಣವಾದ ಮೇಲೆ ಅದನ್ನು ಪೂರೈಸಿದರೆ, ಬಹುಕಾಲ ಕಳೆದಿದ್ದರೂ ವೇತನಕ್ಕೆ ಅರ್ಹನೆಂದು ಮನುಸ್ಮೃತಿಯ 8ನೆಯ ಅಧ್ಯಾಯವೂ ಹೇಳುತ್ತದೆ.

ಮನೆಯೊಳಗಣ ಕೆಲಸಕ್ಕೆ ಹೊರಗಿನವರು ಸಾಕ್ಷಿಯಾಗಿರಬೇಕೆಂಬುದೇ ಈ ವಿಧಿಗಳ ತಿರುಳು. 2004ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 2011ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೆಯ ಒಡಂಬಡಿಕೆಯು ಕೆಲಸದ ನಿಬಂಧನೆಗಳನ್ನು ಸಾಧ್ಯವಾದೆಡೆ ಬರೆಹದಲ್ಲಿ ತಿಳಿಸಬೇಕೆಂದಿತು. ನೆರೆಯವರ ಸಾಕ್ಷ್ಯವಿದ್ದ ಸ್ಥಾನದಲ್ಲಿ ಈಗ ಪತ್ರವು ನಿಂತಿದೆ. ಧಾತ್ರಿಯ ಮಗುವಿನ ಪ್ರಶ್ನೆಯಾದರೋ, ಆಕೆಯನ್ನು ನಿಯಮಿಸುವ ಪ್ರತಿಯೊಂದು ಮನೆಯೂ ಇಂದಿಗೂ ಉತ್ತರಿಸಬೇಕಾದುದಾಗಿಯೇ ಉಳಿದಿದೆ.