ಜರ್ಮನ್ ರಾಗದಿಂದ ಭಜನೆಯ ತಾಳಕ್ಕೆ: ಕನ್ನಡ ಕ್ರೈಸ್ತ ಗಾಯನದ ದಾರಿ

ವಿಜಯಪುರ ಸೀಮೆಯ ಇಬ್ರಾಹಿಂಪುರ, ತೊರವಿ, ಟಿಕೋಟಾ, ಬಬಲೇಶ್ವರದ ಜನಕ್ಕೆ ಹಾಡೂ ಆರಾಧನೆಯೇ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ್ದು ಇದೇ ವಿಜಯಪುರದಲ್ಲಿ. ದಾಸರ ಪದ, ತತ್ವಪದ, ಮೊಹರಂ ಪದಗಳು ಊರೂರಲ್ಲಿ ಬೆಳೆದ ಈ ಸೀಮೆಗೆ 1885ರಲ್ಲಿ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆ ಬಂತು. ಅದು ಬೈಬಲ್ಲಿನ ಜೊತೆಗೆ ತನ್ನದೇ ಒಂದು ಹಾಡುಗಾರಿಕೆಯನ್ನೂ ತಂದಿತ್ತು.

ಆ ಹಾಡುಗಾರಿಕೆಯ ಬೇರು ಹದಿನಾರನೆಯ ಶತಮಾನದ ಜರ್ಮನಿಯಲ್ಲಿದೆ. ಪಾದ್ರಿಗಳೂ ಗಾಯಕರೂ ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದುದನ್ನು ಮಾರ್ಟಿನ್ ಲೂಥರ್ ಜನರ ಭಾಷೆಗೆ ತಂದು ಇಡೀ ಸಭೆಯ ಬಾಯಿಗೆ ಕೊಟ್ಟ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಮಿಶನರಿಗಳು ಆ ರಾಗಗಳಿಗೇ ಕನ್ನಡ ಮಾತು ಹೊಂದಿಸಿದರು. ನಾಲ್ಕು ಧ್ವನಿಗಳಲ್ಲಿ ಹಾಡುವ ಪದ್ಧತಿಯೂ ಹೀಗೆಯೇ ನಮ್ಮ ಸಭೆಗಳಿಗೆ ಬಂತು.

ತೊಡಕು ಎದುರಾದದ್ದು ಛಂದಸ್ಸಿನಲ್ಲಿ. ಜರ್ಮನ್ ರಾಗ ಹೆಚ್ಚುಕಡಿಮೆ ಅಕ್ಷರಕ್ಕೊಂದು ಸ್ವರದಂತೆ ನಿಧಾನವಾಗಿ ನಡೆಯುತ್ತದೆ. ಕನ್ನಡದ ಹಾಡು ನಡೆಯುವುದು ಮಾತ್ರೆಯ ಲೆಕ್ಕದಲ್ಲಿ. ಲಘುವಿಗೆ ಒಂದು, ಗುರುವಿಗೆ ಎರಡು. ಆ ರಾಗಕ್ಕೆ ಕೂಡಿಸಿದರೆ ‘ಕರುಣೆ’ ಎಂಬುದು ‘ಕಾರೂಣೇ’ ಆಗುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹುಡುಕುವ ಕಿವಿಗೆ ಅಲ್ಲಿ ಸಿಗುವುದು ಅಂತ್ಯಪ್ರಾಸ. ಭಕ್ತಿಗೇನೂ ಕೊರತೆಯಿರಲಿಲ್ಲ, ಆದರೆ ಮಾತು ರಾಗದೊಳಗೆ ಮೈಬಿಟ್ಟು ಕೂರಲಿಲ್ಲ.

ಈ ತೊಡಕಿಗೆ ಉತ್ತರ ಹುಡುಕಿದವರಲ್ಲಿ ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ದೊಡ್ಡವರು. ಅವರಿಗಿಂತ ಮೊದಲೇ ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹರಿದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದ್ದರು. ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ದೇಶೀ ಛಂದಸ್ಸಿಗೇ ಇಳಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕಿಟೆಲ್ ಅಂದರೆ ನಿಘಂಟು ಎಂದಷ್ಟೇ ನೆನೆಯುವ ನಾವು ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಕೊಟ್ಟಿಲ್ಲ. ನೆರೆಯ ಮರಾಠಿಯಲ್ಲೂ ಇಂಥದೇ ಕೆಲಸ ನಡೆಯಿತು: 1895ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು.

ಉತ್ತರ ಕರ್ನಾಟಕದಲ್ಲಿ ಭಜನೆ ಈ ಗಂಟನ್ನು ಬಿಡಿಸಿತು. ಹಾರ್ಮೋನಿಯಂ, ತಬಲಾ, ತಾಳ ಇದ್ದರೆ ಸಾಕು. ಮುಂದಾಳು ಒಂದು ನುಡಿ ಹೇಳುತ್ತಾನೆ, ಕೂತವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಪುಸ್ತಕ ಬೇಡ, ಓದು ಬರಬೇಕೆಂದೂ ಇಲ್ಲ. ಮೂರನೆಯ ಸಲಕ್ಕೆ ಪಲ್ಲವಿ ಎಲ್ಲರ ಬಾಯಲ್ಲಿರುತ್ತದೆ. ಲಯ ಏರಿದಂತೆ ಹಿಂದೆ ಕೂತ ಮುದುಕಿಯೂ ಚಪ್ಪಾಳೆ ಹಾಕುತ್ತಾಳೆ.

ಕಥೋಲಿಕರಲ್ಲಿ ಬದಲಾವಣೆ ತಡವಾಗಿ ಬಂತು. 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ಸ್ಥಾನ ಕೊಟ್ಟ ಮೇಲೆ ಕನ್ನಡ ಪೂಜೆ, ಕನ್ನಡ ಗೀತೆಗಳಿಗೆ ಬಾಗಿಲು ತೆರೆಯಿತು.

ಇಷ್ಟೆಲ್ಲ ಹೆಣಗಾಟ ಯಾಕೆ? ಸೆರೆಮನೆಯಲ್ಲಿ, ಕಾಲಿಗೆ ಕೋಳ ಬಿದ್ದ ನಡುರಾತ್ರಿಯಲ್ಲಿ ಪೌಲ ಮತ್ತು ಸೀಲರು ದೇವರನ್ನು ಹಾಡಿದ ಸಂಗತಿ ಅಪೊಸ್ತಲರ ಕೃತ್ಯಗಳಲ್ಲಿದೆ. ಮಿಲಾನಿನ ಸಭೆಯ ಹಾಡು ಕೇಳಿ ತಾನು ಅತ್ತದ್ದನ್ನು ಸಂತ ಅಗಸ್ಟೀನ್ ಬರೆದಿಟ್ಟಿದ್ದಾನೆ. ರಾಗದ ಸುಖದಲ್ಲಿ ಮಾತಿನ ಅರ್ಥ ಮರೆತೀತೆಂಬ ಭಯವನ್ನೂ ಅವನೇ ಹೇಳಿಕೊಂಡ. ಸಾವಿನ ಮನೆಯಲ್ಲಿ ಪ್ರಾರ್ಥಿಸಲು ಮಾತು ಸಿಗದವರು ಹಾಡುತ್ತಾರೆ. ಬಾಯಿಪಾಠವಾದ ಪಲ್ಲವಿ ಅವರ ಪರವಾಗಿ ಪ್ರಾರ್ಥಿಸುತ್ತದೆ. ಸಂಗೀತದ ಆತ್ಮಿಕ ಬಲವೆಂದು ನಾನು ನಂಬಿರುವುದು ಇದನ್ನೇ. ಕೇಳಿದ ಹಾಡಿಗಿಂತ ತಾನೇ ಹಾಡಿದ ಹಾಡಿನಲ್ಲಿ ಈ ಬಲ ಹೆಚ್ಚು.

ಅದಕ್ಕೇ ಇಂದಿನ ಸ್ಥಿತಿ ಕಳವಳ ತರುತ್ತದೆ. ಕ್ಯಾಸೆಟ್ ಹೋಗಿ ಯೂಟ್ಯೂಬ್ ಬಂತು, ತಬಲಾ ಸರಿದು ಕೀಬೋರ್ಡ್ ಬಂತು. ಹೊಸ ರಾಗಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ವೇದಿಕೆಯ ಮೇಲಿನ ನಾಲ್ಕೈದು ಜನರ ಮೈಕು ಸಭೆಯ ದನಿಯನ್ನು ಮುಚ್ಚಿದರೆ, ಲೂಥರನೂ ಭಜನೆಯ ಮುಂದಾಳೂ ಜನರ ಬಾಯಿಗೆ ಕೊಟ್ಟದ್ದನ್ನು ನಾವು ಮರಳಿ ಕಿತ್ತುಕೊಂಡಂತೆ. ವಿಜಯಪುರ ಸೀಮೆಯ ಹಿರಿಯರ ನೆನಪಿನಲ್ಲಿರುವ ಭಜನೆಗಳನ್ನು ರಾಗ, ತಾಳದ ಸಮೇತ ಈಗಲೇ ಧ್ವನಿಮುದ್ರಿಸಿಕೊಳ್ಳಿ. ಭಾನುವಾರಕ್ಕೊಂದು ಹಾಡನ್ನಾದರೂ ಮೈಕಿಲ್ಲದೆ ಇಡೀ ಸಭೆ ಹಾಡಲಿ.