ಎರಡು ಸದ್ದುಗಳ ನಡುವೆ

ವಾದ್ಯ ನುಡಿಸುವುದು ಕೈಯ ಕೆಲಸವೆಂದು ನಾವು ತಿಳಿದಿರುತ್ತೇವೆ. ವಿದ್ಯುತ್ ಗಿಟಾರಿನ ಮಟ್ಟಿಗೆ ಅದು ಕಾಲಿನ ಕೆಲಸವೂ ಹೌದು. ವೇದಿಕೆಯಲ್ಲಿ ಗಿಟಾರ್ ನುಡಿಸುವವರ ಪಾದದ ಬಳಿ ಒಂದು ಪೆಟ್ಟಿಗೆ ಇರುವುದನ್ನು ನೀವು ಗಮನಿಸಿರಬಹುದು. ಅದರ ಗುಂಡಿ ತುಳಿದರೆ ತಂತಿ ಅದೇ, ಬೆರಳು ಅದೇ, ಸದ್ದು ಮಾತ್ರ ಬೇರೆ! ಈ ಗುಂಡಿಯ ಹಿಂದೆ ಅರುವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಅದು ಆರಂಭವಾದದ್ದು ಒಂದು ಕೆಟ್ಟ ಯಂತ್ರದಿಂದ. ಅಮೆರಿಕದ ನ್ಯಾಷ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣ ನಡೆದಾಗ ಉಪಕರಣದ ದೋಷದಿಂದ ಗಿಟಾರಿನ ಸದ್ದು ಹರಿದ ಬಟ್ಟೆಯಂತೆ ಬಿರುಕುಬಿಟ್ಟು ಕೇಳಿಸಿತು. ಹಾಡು 1961ರಲ್ಲಿ ಜನಪ್ರಿಯವಾಯಿತು. ಆ ಬಿರುಕು ಸದ್ದನ್ನೇ ಬೇಕೆಂದಾಗ ಹೊರಡಿಸುವ 'ಫಜ್-ಟೋನ್' ಎಂಬ ಕಾಲ್ಗುಂಡಿ 1962ರಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಲೋಕವೆಲ್ಲ ಅದರ ಕಡೆ ತಿರುಗಿತು.

ಆಮೇಲೆ ಪ್ರತಿಧ್ವನಿಗೊಂದು, ಕಂಪನಕ್ಕೊಂದು, ಹೀಗೆ ಪೆಟ್ಟಿಗೆಗಳು ಸಾಲುಗಟ್ಟಿದವು. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಎರಡನ್ನು ಆರಿಸಿ ಮೂರನ್ನು ಹೊತ್ತಿಸಬೇಕು. ಇರುವುದು ಒಂದೇ ಬಿಡುವಿನ ಕಾಲು. ನುಡಿಸುವವರು ಕುಣಿಯಬೇಕಾಗಿ ಬಂತು.

ಪರಿಹಾರದ ದಾರಿ ತೋರಿದ್ದು ಬೇರೊಂದು ವಾದ್ಯ. 1978ರಲ್ಲಿ ಡೇವ್ ಸ್ಮಿತ್ ಅವರ 'ಪ್ರಾಫೆಟ್-5' ಸಿಂಥಸೈಸರ್ ನಲವತ್ತು ಸದ್ದುಗಳನ್ನು ನೆನಪಿನಲ್ಲಿಟ್ಟುಕೊಂಡಿತು. ಒಂದು ವಾದ್ಯ ಮತ್ತೊಂದಕ್ಕೆ ಹೇಳಿಕೊಡುವ 'ಮಿಡಿ' ಎಂಬ ಸಾಮಾನ್ಯ ಭಾಷೆ 1983ರಲ್ಲಿ ಬಳಕೆಗೆ ಬಂತು. 'ಇಂತಿಷ್ಟನೇ ಸಂಖ್ಯೆಯ ಸದ್ದಿಗೆ ಹೋಗು' ಎನ್ನುವ ಅಪ್ಪಣೆಯೂ ಅದರಲ್ಲಿತ್ತು; ಸಂಖ್ಯೆಗಳು 128. 1988ರಲ್ಲಿ ಬಾಸ್ ಕಂಪನಿಯ 'ಎಂಇ-5' ಹಲವು ಪೆಟ್ಟಿಗೆಗಳ ಕೆಲಸವನ್ನು ಒಂದರಲ್ಲೇ ಕೂಡಿಸಿ, ಜೋಡಣೆಗಳನ್ನು ನೆನಪಿನಲ್ಲಿಟ್ಟಿತು. ಹೀಗೆ ಮೊದಲೇ ಹೊಂದಿಸಿಟ್ಟ ಜೋಡಣೆಯೇ ಪ್ರೀಸೆಟ್. ಒಂದು ತುಳಿತಕ್ಕೆ ಎಲ್ಲವೂ ಬದಲು.

ಆದರೆ ಡಿಜಿಟಲ್ ಯಂತ್ರಗಳಲ್ಲಿ ಹೊಸ ತೊಡಕೊಂದು ಹುಟ್ಟಿತು. ಪ್ರೀಸೆಟ್ ಬದಲಿಸಿದಾಗ ಯಂತ್ರ ಹಳೆಯ ಲೆಕ್ಕಾಚಾರವನ್ನೆಲ್ಲ ಇಳಿಸಿ ಹೊಸದನ್ನು ಏರಿಸಿಕೊಳ್ಳಬೇಕು. ಆ ಕ್ಷಣಾರ್ಧದಲ್ಲಿ ಸದ್ದು ನಿಲ್ಲುತ್ತದೆ. ಹಿಂದಿನ ಸ್ವರದ ಪ್ರತಿಧ್ವನಿ ಕತ್ತರಿಸಿ ಹೋಗುತ್ತದೆ. ನಮ್ಮ ನಾಟಕ ಕಂಪನಿಗಳಲ್ಲಿ ಪರದೆ ಬಿಟ್ಟು ಒಳಗೆ ಅರಮನೆ ತೆಗೆದು ಕಾಡು ನಿಲ್ಲಿಸುತ್ತಿದ್ದರಲ್ಲ, ಹಾಗೆ. ಅಲ್ಲಿ ಪರದೆಯ ಮುಂದೆ ಹಾಸ್ಯಗಾರ ಬಂದು ಸಂಭಾಳಿಸುತ್ತಿದ್ದ. ತಾಳ ತಪ್ಪದೆ ಓಡುವ ಹಾಡಿನಲ್ಲಿ ಸಂಭಾಳಿಸುವವರು ಯಾರು?

ಅದಕ್ಕೆ ಕಂಡುಕೊಂಡ ಉಪಾಯ ಪ್ರೀಸೆಟ್ಟಿನ ಒಳಗೇ ಸದ್ದು ಬದಲಿಸುವುದು. ಪರದೆ ಬಿಡದೆ, ರಂಗದ ಮೇಲಿದ್ದುದನ್ನು ಅಲ್ಲೇ ಇರಿಸಿ, ದೀಪ ಮಾತ್ರ ಬದಲಿಸಿದಂತೆ. 2011ರಲ್ಲಿ ಬಂದ 'ಆಕ್ಸ್-ಎಫ್‌ಎಕ್ಸ್ 2' ಯಂತ್ರಕ್ಕೆ ಆಮೇಲೆ ಸೇರಿದ ಈ ಸೌಲಭ್ಯದ ಹೆಸರೂ 'ಸೀನ್' ಎಂದೇ. 2015ರ 'ಹೀಲಿಕ್ಸ್' ಯಂತ್ರಕ್ಕೆ 2016ರಲ್ಲಿ ಇಂಥದ್ದೇ 'ಸ್ನ್ಯಾಪ್‌ಶಾಟ್' ಬಂತು. ಎರಡರಲ್ಲೂ ಒಂದು ಪ್ರೀಸೆಟ್ಟಿಗೆ ಎಂಟು. ಯಾವುದು ಉರಿಯಬೇಕು, ಯಾವುದು ಆರಬೇಕು, ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದಷ್ಟೇ ಬದಲಾಗುವುದರಿಂದ, ಹಳೆಯ ಪ್ರತಿಧ್ವನಿ ಹೊಸ ಸದ್ದಿನ ಕೆಳಗೆ ತಾನಾಗಿ ಕರಗಬಹುದು.

ಗಿಟಾರ್ ನುಡಿಸುವ ನನ್ನ ಅಕ್ಕನ ಮಗ ಇದನ್ನು ನನಗೆ ಸುಲಭ ಮಾಡಿ ಹೇಳಿದ: "ಚಿಕ್ಕಮ್ಮಾ, ಹಾಡಿಗೊಂದು ಪ್ರೀಸೆಟ್. ಪಲ್ಲವಿ, ಚರಣಗಳೆಲ್ಲ ಅದರೊಳಗೇ."

ಇದಕ್ಕೂ ಬೆಲೆಯುಂಟು. ಹಾಡಿಗೆ ಬೇಕಾದುದನ್ನೆಲ್ಲ ಮೊದಲೇ ಒಳಗೆ ತುಂಬಿಡಬೇಕು. ಯಂತ್ರದ ಶಕ್ತಿಗೆ ಮಿತಿಯಿದೆ. ತುಂಬದೆ ಬಿಟ್ಟದ್ದನ್ನು ನಡುವೆ ಕರೆದರೆ ಬಾರದು. ನುಡಿಸುವವರು ಮನೆಯಲ್ಲೇ ಕೂತು ಹಾಡು ಪೂರ್ತಿ ಯೋಚಿಸಿರಬೇಕು.

ತರಗತಿಯಲ್ಲಿ ಗಂಟೆ ಬಾರಿಸಿದೊಡನೆ ಗಣಿತ ಮುಚ್ಚಿ ಕನ್ನಡ ತೆರೆಯಿರಿ ಎನ್ನುತ್ತೇವೆ. ಮಕ್ಕಳ ಮನಸ್ಸಿನಲ್ಲಿ ಲೆಕ್ಕದ ಪ್ರತಿಧ್ವನಿ ಇನ್ನೂ ಇರುತ್ತದೆ. ಅದನ್ನು ಕತ್ತರಿಸದೆ ಮುಂದಿನ ಪಾಠಕ್ಕೆ ಕರೆದೊಯ್ಯುವುದು ಎಷ್ಟು ಕಷ್ಟವೆಂದು ಪಾಠ ಹೇಳುವವರಿಗೆ ಗೊತ್ತು. ಸದ್ದುಗಳ ಸಂಖ್ಯೆ ಹೆಚ್ಚಿಸಲು ದುಡಿದ ಎಂಜಿನಿಯರುಗಳು ಕೊನೆಗೆ ಒಂದು ಸದ್ದು ಮುಗಿಯುವುದಕ್ಕೂ ಸಮಯ ಕೊಡಬೇಕೆಂದು ಕಂಡುಕೊಂಡರು. ನನಗೆ ಈ ಚರಿತ್ರೆಯಲ್ಲಿ ಹಿಡಿಸಿದ್ದು ಅದೇ.